ಟೈಪಿಂಗ್ ಮೇಡಂ ಅವರ ಕಾವಲುದೂತರು

ಕಳೆದ ತಿಂಗಳು ಬಸವಕಲ್ಯಾಣದಲ್ಲಿ ನಮ್ಮ ಎದುರು ಮನೆಯ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ ಅವಳ ತಾಯಿ ಕಟ್ಟೆಯ ಮೇಲೆ ಕುಳಿತು, ಸಾಣೆಕಲ್ಲಿಗೆ ಎರಡು ಹನಿ ಹಾಲು ಬಿಟ್ಟು, ಬಜೆ ಬೇರನ್ನು ತೇಯುತ್ತಿದ್ದರು. ಕೂಸಿನ ನಾಲಿಗೆಗೆ ಮುಟ್ಟಿಸಿದರೆ ಮುಂದೆ ಮಾತು ಸ್ಪಷ್ಟವಾಗಿ ಬರುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಆ ಕಟುವಾದ, ಕೊನೆಯಲ್ಲಿ ತುಸು ಸಿಹಿಯಾಗುವ ವಾಸನೆ ನನ್ನ ಬಾಗಿಲಿನವರೆಗೆ ಬಂದಿತು. ಹಾಲಿನ ಪಾತ್ರೆ ಹಿಡಿದುಕೊಂಡು ನಾನು ಅಲ್ಲಿಯೇ ನಿಂತೆ. ನನಗೆ ನೆನಪಾದವರು ಹುಮನಾಬಾದಿನ ಟೈಪಿಂಗ್ ಮೇಡಂ.

ಸದರಿಯವರ ಕುರಿತು ನಾಲ್ಕು ಮಾತು ಬರೆಯಬೇಕೆಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಕಚೇರಿಯ ಪತ್ರಗಳ ಹೊರತಾಗಿ ಬೇರೇನನ್ನೂ ಬರೆದು ನನಗೆ ಅಭ್ಯಾಸವಿಲ್ಲ. ಕ್ರಮ ತಪ್ಪಿದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ. ಅವರ ಹೆಸರನ್ನು ಇಲ್ಲಿ ನಮೂದಿಸುವುದಿಲ್ಲ. ನಾನು ಅವರನ್ನು ಎಂದೂ ಹೆಸರು ಹಿಡಿದು ಕರೆದವಳಲ್ಲ.

ತಂದೆಯವರು ಸೇವೆಯಲ್ಲಿರುವಾಗಲೇ ತೀರಿಕೊಂಡ ಕಾರಣ, ಅನುಕಂಪದ ಆಧಾರದ ಮೇಲೆ ನನಗೆ ಹುಮನಾಬಾದಿನ ಒಂದು ಕಚೇರಿಯಲ್ಲಿ ಬೆರಳಚ್ಚುಗಾರ್ತಿಯ ಹುದ್ದೆ ದೊರೆಯಿತು. ಹುದ್ದೆ ದೊರೆತರೂ ಬೆರಳಚ್ಚು ಬರುತ್ತಿರಲಿಲ್ಲ. ನಿಗದಿತ ಅವಧಿಯೊಳಗೆ ಪರೀಕ್ಷೆ ಪಾಸಾಗತಕ್ಕದ್ದು ಎಂದು ಆದೇಶದಲ್ಲಿತ್ತು. ಆದ್ದರಿಂದ ಕಚೇರಿ ಬಿಟ್ಟ ಕೂಡಲೇ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದ ಮೇಡಂ ಅವರ ತರಗತಿಗೆ ಹೋಗತೊಡಗಿದೆ. ಮುಂದಿನ ದೊಡ್ಡ ಕೋಣೆಯಲ್ಲಿ ಯಂತ್ರಗಳು, ಅದರ ಪಕ್ಕದಲ್ಲಿ ಅವರ ಅಡುಗೆಮನೆ, ಹಿಂದೆ ಕೆಟ್ಟುಹೋದ ಯಂತ್ರಗಳನ್ನು ಒಟ್ಟಿದ್ದ ಇನ್ನೊಂದು ಸಣ್ಣ ಕೋಣೆ. ಮೇಡಂ ಅವರಿಗೆ ಐವತ್ತರ ಆಚೀಚೆಯ ವಯಸ್ಸು. ಮದುವೆಯಾಗಿರಲಿಲ್ಲ. ತಂದೆ ತಾಯಿ ಇಲ್ಲ. ತಮ್ಮ ಒಬ್ಬರು ಕಲಬುರಗಿಯಲ್ಲಿದ್ದರು.

ಪರೀಕ್ಷೆ ಪಾಸಾದ ಮೇಲೆಯೂ ನಾನು ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಬಸವಕಲ್ಯಾಣದ ಬಸ್ಸಿಗೆ ಸಮಯವಿರುತ್ತಿತ್ತು. ಕಚೇರಿಯಲ್ಲಿ ನನ್ನೊಡನೆ ಕೆಲಸದ ಮಾತಲ್ಲದೆ ಬೇರೆ ಮಾತನಾಡುವವರಿರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಆ ಮಧ್ಯದ ಒಂದು ಗಂಟೆ ಮಾತ್ರ, ದಿನದಲ್ಲಿ ನನ್ನನ್ನು ಯಾರಾದರೂ "ಬಾ ತಂಗಿ, ಏನಾತು ಇವತ್ತು" ಎಂದು ಕೇಳುತ್ತಿದ್ದ ಗಂಟೆ. ಅವರು ಚಹಾ ಮಾಡುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಏನು ಹೇಳಿದೆವೆಂದು ಕೇಳಿದರೆ ಈಗ ಒಂದೂ ಜ್ಞಾಪಕಕ್ಕೆ ಬರುವುದಿಲ್ಲ... ಆದರೆ ಪ್ರತಿದಿನವೂ ಏನಾದರೂ ಇರುತ್ತಿತ್ತು.

ತಮ್ಮನು ಕೊಡಿಸಿದ ಹೊಸ ಮೊಬೈಲಿನಲ್ಲಿ ಮೇಡಂ ಅವರು ಒಂದು ಗುಂಪನ್ನು ಸೇರಿದ್ದು ಆ ನಂತರದ ವಿಷಯ. ಯಾವುದೋ ದೂರ ದೇಶದ ಒಬ್ಬ ವಯಸ್ಸಾದ ಹೆಂಗಸು ನಡೆಸುತ್ತಿದ್ದ ಗುಂಪು ಅದು. ವಾರಕ್ಕೊಮ್ಮೆ ಬೇರೆ ಬೇರೆ ಊರಿನ ಜನ ಪರದೆಯ ಮೇಲೆ ಕೂಡುತ್ತಿದ್ದರು. ಪ್ರತಿಯೊಬ್ಬ ಮನುಷ್ಯನಿಗೂ ಹುಟ್ಟಿದಂದಿನಿಂದ ಒಬ್ಬ ಪವಿತ್ರ ಕಾವಲುದೂತರಿರುತ್ತಾರೆ, ನಿಯಮದಿಂದ ಕರೆದರೆ ಅವರ ಪರಿಚಯವೂ ಸಂಭಾಷಣೆಯೂ ಸಾಧ್ಯವಾಗುತ್ತದೆ ಎಂಬುದು ಅಲ್ಲಿನ ಉಪದೇಶ. ಹಳೆಯ ಕಾಲದ ವಿಧಾನದಲ್ಲಿ ಇದಕ್ಕೆ ಊರಾಚೆಯ ಮನೆ, ಆಳುಕಾಳು, ದೊಡ್ಡ ವ್ಯವಸ್ಥೆ ಬೇಕಿತ್ತಂತೆ. ಈಗಿನವರು ನೌಕರಿ ಮತ್ತು ಬಾಡಿಗೆ ಮನೆ ಇರುವವರಿಗೂ ಆಗುವಂತೆ ಸರಳ ಮಾಡಿದ್ದಾರೆಂದು ಮೇಡಂ ನನಗೆ ವಿವರಿಸಿದರು.

"ನಮಗ ಮನಿದೇವ್ರು ಇದ್ದಾನಲ್ರಿ ಮೇಡಂ," ಎಂದೆ ನಾನು.

"ಮನಿದೇವ್ರು ಮನಿಗೆಲ್ಲಾ ದೇವ್ರು. ಇವರು ನನಗೊಬ್ಬಾಕಿಗೇ," ಎಂದರು ಅವರು. ಚಹಾದ ಕಪ್ಪನ್ನು ಕೆಳಗಿಟ್ಟು ಮತ್ತೆ ಹೇಳಿದರು. "ಅಪ್ಪ ಅಂಗೈಯಾಗ ಲಿಂಗ ಹಿಡಕೊಂಡು ಕುಂತ್ರ ಮಾತಾಡ್ಸಿದ್ರೂ ಕೇಳತಿದ್ದಿಲ್ಲ. ಅಷ್ಟು ಹತ್ತರ ಯಾರದೋ ಜೋಡಿ ಇರತಿದ್ದ. ನಾ ಎಷ್ಟು ಸಲ ಕುಂತೆ, ನನಗ ಅದು ಆಗ್ಲಿಲ್ಲ ತಂಗಿ. ಇಲ್ಲಾದ್ರೂ ಆಗ್ತದೇನು ನೋಡ್ತೀನಿ."

ಹೀಗೆ ದೀಪಾವಳಿಯ ನಂತರ ಅವರು ಸಾಧನೆಯನ್ನು ಆರಂಭಿಸಿದರು. ಯುಗಾದಿಗೆ ಮುಗಿಯತಕ್ಕದ್ದು. ಹಿಂದಿನ ಕೋಣೆಯ ಕೆಟ್ಟ ಯಂತ್ರಗಳು ಗುಜರಿಗೆ ಹೋದವು. ಗೋಡೆಗೆ ಸುಣ್ಣವಾಯಿತು. ಪೂರ್ವದ ಕಿಟಕಿಯ ಕೆಳಗೆ ಬಿಳಿ ಬಟ್ಟೆ ಹಾಸಿದ ಒಂದು ಸಣ್ಣ ಮೇಜು, ಅದರ ಮೇಲೆ ದೀಪ, ಲೋಬಾನದ ಬಟ್ಟಲು. ಸೂರ್ಯ ಹುಟ್ಟುವಾಗ ಮತ್ತು ಮುಳುಗುವಾಗ ಸ್ನಾನ ಮಾಡಿ, ಬಿಳಿ ಸೀರೆಯುಟ್ಟು, ಹಣೆಗೆ ಎಣ್ಣೆ ಹಚ್ಚಿಕೊಂಡು, ಒಳಗೆ ಕುಳಿತು ಕರೆಯಬೇಕು. ಮಂತ್ರ ಕಡ್ಡಾಯವಿರಲಿಲ್ಲ, ತಮ್ಮ ಮನೆಯ ಮಾತಿನಲ್ಲೇ ಕರೆಯಬೇಕೆಂದು ಗುಂಪಿನವರು ಸೂಚಿಸಿದ್ದರು. ಕ್ರಮೇಣ ಜನರ ಬಳಕೆ ಕಡಿಮೆ ಮಾಡಬೇಕು, ಮಾತು ಕಡಿಮೆ ಮಾಡಬೇಕು. ಈ ಕೊನೆಯ ನಿಯಮವನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಎಣ್ಣೆಯನ್ನು ಅವರೇ ತಯಾರಿಸಬೇಕಿತ್ತು. ಅದಕ್ಕೆ ಬೇಕಾದ ಸಾಮಾನಿನ ಇಂಗ್ಲಿಷ್ ಹೆಸರುಗಳನ್ನು ಮೊಬೈಲಿನಲ್ಲಿ ಹುಡುಕಿ ಕನ್ನಡ ಮಾಡಿಕೊಂಡೆವು. ಬಜೆ, ಹಿರಾಬೋಳ, ದಾಲ್ಚಿನ್ನಿ. ಒಂದು ಸಂಜೆ ಇಬ್ಬರೂ ಬಜಾರಿನಲ್ಲಿ ಬೇರು ಬೀಜ ಮಾರುವ ಅಂಗಡಿಗೆ ಹೋದೆವು. ಸಾವುಕಾರರು ಬಜೆ ಕಟ್ಟಿದರು. ಹಿರಾಬೋಳ ಎಂದೊಡನೆ ಕೈ ನಿಲ್ಲಿಸಿ ತಲೆ ಎತ್ತಿದರು.

"ಯಾರ ಬಾಣಂತನ್ರಿ ಮೇಡಂ?"

ಆಗ ನನಗೆ ಹೊಳೆಯಿತು. ಬಜೆ ಕೂಸಿಗೆ, ಬೋಳ ಬಾಣಂತಿಗೆ. ನಮ್ಮ ಭಾಗದಲ್ಲಿ ಇವೆರಡನ್ನು ಕೂಡಿಸಿ ಕೊಂಡರೆ ಬೇರೆ ಅರ್ಥವೇ ಇಲ್ಲ.

"ಬಾಣಂತನ ಅಲ್ರಿ. ನನಗ ಬೇಕಾಗೇದ," ಎಂದರು ಮೇಡಂ.

"ನಿಮಗ್ಯಾಕ್ರಿ ಬಜೆ? ನಿಮಗ ಮಾತು ಬರೂದಿಲ್ಲಂತ ಯಾರಂದ್ರು? ಬೈದು ಬೈದು ಅರ್ಧಾ ಹುಮನಾಬಾದಿಗೆ ಟೈಪಿಂಗ್ ಕಲಿಸೀರಿ."

"ಈಗ ಹೊಸ ಮಾತು ಕಲೀಬೇಕಾಗೇದ್ರಿ."

"ಹಂಗಾರ ಎರಡು ಬೇರು ಒಯ್ಯರಿ," ಎಂದು ಸಾವುಕಾರರು ನಕ್ಕರು. ಮೇಡಂ ಕೂಡ ನಕ್ಕರು. ನಾನೂ ನಕ್ಕೆ.

ಸಾವುಕಾರರಿಗೆ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳಲಾರೆ. ಅವರು ಅದನ್ನು ತಮಾಷೆಯಾಗಿ ನಾಲ್ಕು ಜನರಿಗೆ ಹೇಳಿರಬೇಕು. ನಾಲ್ಕು ಜನರ ಬಾಯಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. ಮೇಡಂ ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿದ್ದು, ಅದರ ಬಾಗಿಲನ್ನು ಸದಾ ಮುಚ್ಚಿಡುವುದು, ಸಂಜೆ ಲೋಬಾನದ ಹೊಗೆ ಬರುವುದು ಗಲ್ಲಿಗೆಲ್ಲ ತಿಳಿದಿತ್ತು. ಕ್ಲಾಸಿನ ಯಾವುದೋ ಹುಡುಗಿಗೆ ಗುಟ್ಟಾಗಿ ಹೆರಿಗೆಯಾಗಿದೆ, ಮೇಡಂ ಅವಳನ್ನು ಒಳಗಿಟ್ಟುಕೊಂಡು ಬಾಣಂತನ ಮಾಡುತ್ತಿದ್ದಾರೆ ಎಂದು ಮಾತಾಯಿತು.

ಮೊದಲು ಬಂದವರು ಒಬ್ಬ ವಿದ್ಯಾರ್ಥಿನಿಯ ತಂದೆ. ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ಮಾತನಾಡಿದರು.

"ತಪ್ಪ ತಿಳಕೋಬ್ಯಾಡ್ರಿ ಮೇಡಂ. ನಮ್ಮ ಹುಡುಗಿ ಇನ್ನ ಬರೂದಿಲ್ರಿ."

"ಯಾಕ್ರಿ? ಪರೀಕ್ಷೆ ಹತ್ತರ ಬಂದಾವ. ಕೈ ಚಲೋ ಕುಂತದ ಆಕಿದು."

"ಹಂಗ ರೀ... ಹೊಲದಾಗ ರಾಶಿ ಕೆಲಸ ಅದ."

ಅವರ ದೃಷ್ಟಿ ಹಿಂದಿನ ಕೋಣೆಯ ಬಾಗಿಲ ಮೇಲೆಯೇ ಇತ್ತು. ಅವರು ಹೋದ ಮೇಲೆ ನಾನು ಮೇಡಂ ಅವರಿಗೆ ನೇರವಾಗಿ ಹೇಳಿದೆ. "ಬಾಗಿಲು ತೆರೆದು ತೋರಿಸ್ರಿ. ಬಜೆ, ಬೋಳ ಎಣ್ಣಿಗೆ ತಂದದ್ದಂತ ಹೇಳ್ರಿ."

"ಎಣ್ಣಿ ಯಾತಕ್ಕಂದ್ರ ಏನ ಹೇಳ್ಲಿ?" ಎಂದು ಅವರು ಕೇಳಿದರು. "ಬಾಣಂತನ ಅನ್ಕೊಂಡ್ರ ಹುಡುಗ್ಯಾರು ಹೋಗ್ತಾರ, ಅಷ್ಟೇ. ಮಾಟ ಅನ್ಕೊಂಡ್ರ ಕಲ್ಲು ಬರ್ತಾವ."

ಸಂಕ್ರಾಂತಿಯ ಹೊತ್ತಿಗೆ ಹುಡುಗಿಯರೆಲ್ಲ ಬಿಟ್ಟಿದ್ದರು. ಹುಡುಗರು ಮೊದಲೇ ಕಂಪ್ಯೂಟರ್ ತರಗತಿಗಳಿಗೆ ಹೋಗಿದ್ದರು. ಯಂತ್ರಗಳ ಮೇಲೆ ಹೊದಿಕೆ ಬಿದ್ದಿತು. ಆ ಗದ್ದಲದ ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು ಇದೆಯೆಂದು ನನಗೆ ಗೊತ್ತಾದದ್ದೇ ಆಗ. ನಾನು ಅವರಿಗಾಗಿ ಮರುಗುತ್ತಿದ್ದೆ. ಅವರು ಮಾತ್ರ, "ಒಳ್ಳೇದೇ ಆತು ಬಿಡು. ಮಂದಿ ಕಡಿಮೆ ಮಾಡಬೇಕಂತ ಹ್ಯಾಂಗೂ ನಿಯಮ ಇತ್ತು," ಎಂದರು. ಹಾಗೆನ್ನುವಾಗ ಅವರ ಮುಖದಲ್ಲಿ ನಿಜವಾಗಿಯೂ ಹಗುರ ಇತ್ತು. ಕಡಿಮೆ ಮಾಡಬೇಕಾದ ಮಂದಿಯಲ್ಲಿ ಇನ್ನು ಉಳಿದವಳು ನಾನೊಬ್ಬಳೇ ಎಂಬುದು ನನಗೆ ಅರ್ಥವಾಯಿತು.

ಶಿವರಾತ್ರಿಯ ಮರುದಿನ ಅವರು ಅದನ್ನು ಹೇಳಿದರು. ಯುಗಾದಿ ಮುಗಿಯುವವರೆಗೆ ಬರಬೇಡ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ನನ್ನ ಕೈಗೆ ರೊಟ್ಟಿಯ ಜೊತೆ ತಿನ್ನಲೆಂದು ಒಂದು ಡಬ್ಬಿ ಶೇಂಗಾ ಹಿಂಡಿ ಕೊಟ್ಟು, ಬಾಗಿಲವರೆಗೆ ಬಂದು ಹೇಳಿದರು.

ಆ ದಿನಗಳಲ್ಲಿ ಕಚೇರಿ ಬಿಟ್ಟ ಮೇಲೆ ನಾನು ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂರುತ್ತಿದ್ದೆ. ಹೈದರಾಬಾದಿನ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಮೇಡಂ ಅವರಿಗೆ ಹೇಳಬೇಕೆಂದು ಕಚೇರಿಯಲ್ಲಿ ಕೂಡಿಸಿಟ್ಟುಕೊಂಡ ಮಾತು ಬೆಂಚಿನ ಮೇಲೆ ಹಾಗೆಯೇ ಉಳಿಯುತ್ತಿತ್ತು. ಗಲ್ಲಿಯ ಕಡೆಯಿಂದ ಲೋಬಾನದ ವಾಸನೆ ಬಂದಂತಾಗುತ್ತಿತ್ತು... ಬಂದಿತ್ತೋ, ನನಗೇ ಹಾಗನಿಸಿತೋ. ಅವರ ಸಾಧನೆ ಫಲಿಸಲಿ ಎಂದು ಬೇಡಿಕೊಂಡ ದಿನಗಳಿವೆ. ಫಲಿಸದಿರಲಿ, ಸೋತು ಬಾಗಿಲು ತೆರೆಯಲಿ ಎಂದು ಬಯಸಿದ ದಿನಗಳೂ ಇವೆ. ಎರಡನೆಯವೇ ಹೆಚ್ಚೆಂದು ನಮೂದಿಸುವುದು ಸೂಕ್ತ.

ಯುಗಾದಿಯ ಮರುದಿನ ಹೋಳಿಗೆ ಕಟ್ಟಿಕೊಂಡು ಹೋದೆ. ಬಾಗಿಲು ತೆರೆದರು. ತುಂಬಾ ಸೊರಗಿದ್ದರು. ಕಣ್ಣುಗಳು ಮಾತ್ರ, ಚೆನ್ನಾಗಿ ನಿದ್ರೆ ಮಾಡಿ ಎದ್ದವರ ಕಣ್ಣುಗಳಂತೆ ತಿಳಿಯಾಗಿದ್ದವು.

"ಬಂದ್ರೇನ್ರಿ ಅವರು?" ಎಂದೆ. ಹೇಗಿದ್ದೀರಿ ಎಂದು ಕೇಳುವುದಕ್ಕೂ ಮೊದಲೇ ಕೇಳಿಬಿಟ್ಟೆ.

ಅವರು ನನ್ನ ಕೈಯಿಂದ ಹೋಳಿಗೆಯ ಗಂಟು ತೆಗೆದುಕೊಂಡರು. "ಮಾತು ಬರ್ಲಿಲ್ಲ ತಂಗಿ. ರೂಪಾನೂ ಕಾಣ್ಲಿಲ್ಲ. ಆದ್ರ ಮೂರ್ನಾಕ ದಿನದ ಹಿಂದ ಮುಂಜಾನಿ ಕರೀಲಿಕ್ಕೆ ಬಾಯಿ ತೆರದೆ. ಕರೀಬೇಕಂತ ಇಲ್ಲ ಅನಿಸ್ತು. ಯಾರೋ ಆಗಲೇ ಕೇಳಾಕತ್ತಾರ. ಮೊದಲಿಂದ ಕೇಳಾಕತ್ತಾರ. ನಾ ಸಣ್ಣಾಕಿ ಇದ್ದಾಗಿಂದ ಒಳಗೊಳಗ ಏನೇನು ಅಂದೀನೋ ಅಷ್ಟೂ ಅವರು ಕೇಳ್ಯಾರ. ಒಂದೂ ಬಿಟ್ಟಿಲ್ಲ." ಅವರ ಕಣ್ಣಲ್ಲಿ ನೀರು ಬಂದಿತು. ಒರೆಸಿಕೊಳ್ಳಲಿಲ್ಲ.

ನಾನು ಸಂತೋಷಪಡಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

"ಇಷ್ಟು ವರ್ಷ ನಾನೂ ಕೇಳತಿದ್ನಲ್ರಿ ಮೇಡಂ."

ಅವರು ನನ್ನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. "ನೀ ಕೇಳತಿದ್ದಿ. ಬಸ್ಸಿನ ಟೈಮ್ ನೋಡ್ಕೊಂತ ಕೇಳತಿದ್ದಿ. ತಪ್ಪಲ್ಲ ಅದು. ನಿಮ್ಮವ್ವ ದಾರಿ ನೋಡ್ತಿರತಾಳ."

ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅವರು ಹೋಳಿಗೆಯನ್ನು ತಟ್ಟೆಗೆ ಹಾಕಿ, ಹಾಲು ಕಾಯಿಸಿ ತಂದರು. ಇಬ್ಬರೂ ತಿಂದೆವು.

ಆ ನಂತರವೂ ನಾನು ಹೋಗುತ್ತಿದ್ದೆ. ಅವರ ಪ್ರೀತಿ ಎಳ್ಳಷ್ಟೂ ಕಡಿಮೆಯಾಗಲಿಲ್ಲ, ಚಹಾ ತಪ್ಪಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳುತ್ತಿದ್ದರು. ತಾವು ಮಾತ್ರ ತಮ್ಮದೇನನ್ನೂ ಹೇಳುತ್ತಿರಲಿಲ್ಲ. ಹೇಳುವುದನ್ನೆಲ್ಲ ಅವರು ಬೆಳಿಗ್ಗೆಯೇ ಬೇರೆ ಕಡೆ ಹೇಳಿ ಮುಗಿಸಿರುತ್ತಿದ್ದರು. ಕೆಲ ಕಾಲದ ಮೇಲೆ ನನ್ನ ಕೋರಿಕೆಯಂತೆ ಬಸವಕಲ್ಯಾಣಕ್ಕೆ ವರ್ಗಾವಣೆಯಾಯಿತು. ಹೊರಡುವ ದಿನ ಹೋಗಿ ನಮಸ್ಕರಿಸಿದೆ. "ಚಲೋ ಆತು, ಅವ್ವನ ಹತ್ತರ ಇರ್ತಿ," ಎಂದರು. ಮೊದಮೊದಲು ಮೊಬೈಲಿನಲ್ಲಿ ಮಾತನಾಡುತ್ತಿದ್ದೆವು. ಬಳಿಕ ಹಬ್ಬಕ್ಕೊಮ್ಮೆ... ಹಾಗೆ.

ಹೋದ ವರ್ಷ ಅವರ ತಮ್ಮ ಕರೆ ಮಾಡಿ, ಅಕ್ಕ ತೀರಿಕೊಂಡಳೆಂದು ತಿಳಿಸಿದರು. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಮೇಡಂ ಅವರ ಮನೆಯನ್ನು ಆ ತಮ್ಮ ಖಾಲಿ ಮಾಡಿಸುತ್ತಿದ್ದರು. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. ಸುಣ್ಣದ ಗೋಡೆ, ಮೇಜು, ದೀಪ ಎಲ್ಲ ಇದ್ದಂತೆಯೇ ಇದ್ದವು. ಮೇಜಿನ ಮುಂದೆ ಎದುರುಬದುರಾಗಿ ಎರಡು ಮಣೆಗಳನ್ನು ಹಾಕಲಾಗಿತ್ತು.

"ಅಕ್ಕ ಒಬ್ಬಾಕಿನೇ ಇದ್ಲಲ್ರಿ. ಎರಡು ಮಣಿ ಯಾಕ ಹಾಕ್ಯಾಳ?"

"ಒಬ್ಬರು ಬರತಿದ್ರು," ಎಂದೆ.

ಅವರು ನನ್ನನ್ನು ನೋಡಿದರು. ಅಳು ತಡೆದುಕೊಂಡ ಮುಖದಲ್ಲಿ ಏನೋ ಸಮಾಧಾನ ಬಂದಂತೆ ಕಂಡಿತು. "ಅವರು ನೀವೇ ಏನ್ರಿ?"

ಹೌದೆಂದು ಹೇಳಿದ್ದರೆ ಅವರಿಗೆ ನೆಮ್ಮದಿಯಾಗುತ್ತಿತ್ತು. ನನಗೂ ಆಗುತ್ತಿತ್ತು.

"ಅಲ್ರಿ," ಎಂದೆ.

ಅವರು ಮಣೆಗಳನ್ನು ಒಂದರ ಮೇಲೊಂದು ಇಟ್ಟು ಹೊರಗೆ ತೆಗೆದುಕೊಂಡು ಹೋದರು.

ನನ್ನ ತಾಯಿಯವರೂ ಈಗಿಲ್ಲ. ಸಂಜೆ ಕಚೇರಿಯಿಂದ ಮನೆಗೆ ನಡೆದೇ ಬರುತ್ತೇನೆ, ಅವಸರವಿಲ್ಲ. ಹೇಳಬೇಕಾದದ್ದು ಪ್ರತಿದಿನವೂ ಏನಾದರೂ ಇರುತ್ತದೆ. ಹೊಸದಾಗಿ ಬಂದ ಗುಮಾಸ್ತನು ಊಟಕ್ಕೆ ಕರೆದದ್ದು, ಕೋಟೆಯ ಕಡೆಯ ರಸ್ತೆಯನ್ನು ಮತ್ತೆ ಅಗೆದದ್ದು, ಎದುರು ಮನೆಯ ಕೂಸು ನನ್ನನ್ನು ನೋಡಿ ನಕ್ಕದ್ದು. ಕೀಲಿ ತೆಗೆದು ಒಳಗೆ ಬಂದು ದೀಪ ಹಾಕಿ ಸ್ವಲ್ಪ ಹೊತ್ತು ಹಾಗೆಯೇ ಕೂರುತ್ತೇನೆ. ನನಗೂ ಹುಟ್ಟಿದಂದಿನಿಂದ ಒಬ್ಬರು ಇದ್ದೇ ಇದ್ದಾರೆಂದು, ಕೇಳುತ್ತಲೇ ಇದ್ದಾರೆಂದು ಮೇಡಂ ಹಲವು ಬಾರಿ ಹೇಳಿದ್ದರು. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಕರೆಯುವ ವಿಧಾನವೂ ನನಗೆ ಗೊತ್ತಿದೆ. ಆದರೆ ಈವರೆಗೆ ಕರೆದಿಲ್ಲ. ನನಗೆ ಬೇಕಾದವರು ಮೇಡಂ.