ವ್ಯಾನಿನ ಕೆಳಗೆ ಹನಿ

ಶ್ರೀರಾಮನಗರದ ಚಹಾದಂಗಡಿಯ ಮುಂದೆ ವ್ಯಾನು ನಿಲ್ಲಿಸಿದ್ದಷ್ಟೇ, ಅಂಗಡಿಯಾಕೆ ಕೂಗಿದರು: “ಅಣ್ಣಾರ, ನಿಮ್ಮ ಗಾಡಿ ಸೋರಾಕತ್ತೈತಿ ನೋಡ್ರಿ!”

ತಟಕ್ಕನೆ ಕೆಳಗಿಳಿದೆ. ವ್ಯಾನಿನ ನೆತ್ತಿಗೆ ನೀರಿನ ಕಪ್ಪು ಟ್ಯಾಂಕು, ಒಳಗೆ ಪೈಪು, ಸಿಂಕು ಎಲ್ಲವನ್ನೂ ನಾನೂ ಹೆಂಡತಿಯೂ ಕೈಯಾರೆ ಕೂಡಿಸಿದ್ದೆವು. ವ್ಯಾನನ್ನೇ ಮನೆ ಮಾಡಿಕೊಂಡು ಹೊರಟ ಮೊದಲ ಪ್ರವಾಸ ಇದು. ಜಾಯಿಂಟು ಬಿಟ್ಟಿದ್ದರೆ ಇಲ್ಲಿಂದಲೇ ವಾಪಸ್ಸು.

ಹೆಂಡತಿ ಬಗ್ಗಿ ಹನಿಗೆ ಕೈಯೊಡ್ಡಿದಳು. ನಕ್ಕಳು. “ತಣ್ಣಗಿದೆ ಕಣ್ರೀ, ಇದು ಏಸಿ ನೀರು! ಮೇಲಿನ ಟ್ಯಾಂಕಿನದಾಗಿದ್ದರೆ ಈ ಬಿಸಿಲಿಗೆ ಸುಡುತ್ತಿತ್ತು.”

“ಹಂಗಾರ ನಿಮ್ಮಲ್ಲಿ ಬಿಸಿನೀರು ಅದಾವೇನ್ರಿ?” ಅಂಗಡಿಯಾಕೆ ಬಕೆಟ್ ತಂದೇಬಿಟ್ಟರು. “ಗ್ಲಾಸ್ ತೊಳಿಯಾಕ ಒಂದೀಟು ಬಿಡ್ರಿ, ಅಕ್ಕಾರ.”

ಹೆಂಡತಿ ನಲ್ಲಿ ತಿರುಗಿಸಿದಳು. ಬಕೆಟ್ ತುಂಬುವವರೆಗೂ ನಾನು ಸಿಂಕಿನ ಕೆಳಗೆ ತಲೆಯಿಟ್ಟು ಒಂದೊಂದು ಜಾಯಿಂಟನ್ನೂ ಮುಟ್ಟಿ ನೋಡಿದೆ. ಎಲ್ಲವೂ ಒಣಗಿದ್ದವು. ಸೋರುತ್ತಿದ್ದದ್ದು ನನ್ನ ಹಣೆಯೊಂದೇ.