ರಾಕೆಟ್‌ಗೊಂದು ಹೆಸರು

ನಮ್ಮ ಡೆರಿಂಗಲ್‌ನಲ್ಲಿ ಅಡ್ಡಹೆಸರು ಇಡುವುದಕ್ಕೆ ಇರುವುದು ಒಂದೇ ನಿಯಮ. ಮನುಷ್ಯ ಏನಲ್ಲವೋ ಅದನ್ನೇ ಅವನ ಹಣೆಗೆ ಅಂಟಿಸುವುದು. ಎಲ್ಲರ ಮನೆ ಬಾಗಿಲಿಗೂ ಬಗ್ಗಿಯೇ ಒಳಬರಬೇಕಾದ ದನದ ವ್ಯಾಪಾರಿ ನಮಗೆ ಪುಟಾಣಿ. ಬೇಕರಿ ಬಾಗಿಲು ತೆರೆದಾಗಿನಿಂದ ಮುಚ್ಚುವ ತನಕ ಬಾಯಿ ಮುಚ್ಚದ ನಾನು ಮೌನಿ. ಇನ್ನು ಶಾಲೆಯ ಬಸ್ಸನ್ನು ಎತ್ತಿನ ಗಾಡಿಯ ಹಾಗೆ ಓಡಿಸುತ್ತಿದ್ದವನು ರಾಕೆಟ್.

ಉದ್ದನೆಯ ಕೋಲುಮುಖ, ಹೊರಗೆ ಚಾಚಿದ ಕಿವಿ, ಯಾವ ಬೇಸಿಗೆಗೂ ಬಿಚ್ಚದ ಹಸಿರು ಸ್ವೆಟರು. ಬಸ್ಸಿನ ಬಾಗಿಲ ಬಳಿ ನಿಂತು ಒಬ್ಬೊಬ್ಬ ಮಗುವನ್ನೂ ಹೆಸರು ಹಿಡಿದು ಕೂಗುತ್ತಿದ್ದ. ಅಡ್ಡಹೆಸರಲ್ಲ, ಚರ್ಚಿನಲ್ಲಿ ತಲೆಗೆ ನೀರು ಹಾಕಿ ಇಟ್ಟ ಪೂರ್ತಿ ಹೆಸರು. ಆ ಮಗು "ಇದ್ದೀನಿ" ಎನ್ನಬೇಕು. ಎಲ್ಲರದೂ ಮುಗಿದ ಮೇಲೆ "ಎಲ್ರೂ ಬಂದ್ರು, ಹೊರಡೋಣ" ಎಂದು ತನಗೆ ತಾನೇ ಹೇಳಿಕೊಂಡು ಸೀಟಿಗೆ ಏರುತ್ತಿದ್ದ. ಹಿಂದಿನ ಸೀಟಿನ ಪುಂಡರು "ರಾಕೆಟ್, ಗಂಟೆ ಹೊಡೆದೇಬಿಡ್ತು!" ಎಂದು ಅರಚಿದರೆ, "ಶಾಲೆ ಎಲ್ಲಿಗೂ ಓಡಿಹೋಗಲ್ಲ. ಓಡಿಹೋಗೋರು ನೀವು" ಎನ್ನುತ್ತಿದ್ದ. ಮುಖ್ಯೋಪಾಧ್ಯಾಯರು ಬೈದು ಸುಸ್ತಾಗಿ, ಕೊನೆಗೆ ಮೊದಲ ಗಂಟೆಯನ್ನೇ ಸ್ವಲ್ಪ ಮುಂದಕ್ಕೆ ಹಾಕಿದರು.

ಅವನ ಹೆಂಡತಿ ಮೊಯ್ರಾ ನಮ್ಮ ಆಸ್ಪತ್ರೆಯ ಸೂಲಗಿತ್ತಿ ನರ್ಸು, ಚುರುಕೆಂದರೆ ಚುರುಕು. "ಅವನು ನನ್ನನ್ನ ಮದುವೆಗೆ ಕೇಳೋಷ್ಟರಲ್ಲಿ ನನ್ನ ತಂಗಿಗೆ ಎರಡು ಮಕ್ಕಳಾಗಿದ್ವು" ಎಂದು ಬೇಕರಿಯಲ್ಲಿ ನಗಿಸುತ್ತಿದ್ದಳು. ಗಂಡನನ್ನು ಅವಳೇ ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಬೇರೆಯವರು ಆಡಿದರೆ ಮುಖ ಗಂಟಾಗುತ್ತಿತ್ತು. ರಾಕೆಟ್ ಎಂಬ ಹೆಸರು ಅವಳ ಬಾಯಿಗೆ ಬಂದಿದ್ದನ್ನು ನಾನಂತೂ ಕೇಳಿಲ್ಲ.

ಊರಿನ ಬೆಂಕಿ ದಳದಲ್ಲಿ ಸಂಬಳದವರು ಯಾರೂ ಇಲ್ಲ, ಎಲ್ಲ ನಮ್ಮನಮ್ಮವರೇ. ನಾನೂ ಇದ್ದೇನೆ, ಪುಟಾಣಿಯೂ ಇದ್ದಾನೆ. ನೀರಿನ ಟ್ಯಾಂಕರ್ ಓಡಿಸುವವನು ರಾಕೆಟ್. ಅಲ್ಲೂ ಅದೇ ಕಥೆ. ಗುಡ್ಡ ಉರಿಯುತ್ತಿದ್ದರೂ ಎಲ್ಲರ ಹೆಸರು ಕೂಗಿ, ಉತ್ತರ ಕೇಳಿಯೇ ಗಾಡಿ ಬಿಡುತ್ತಿದ್ದ. ನಾವು ಬೈಯುತ್ತಿದ್ದೆವು, ಅವನು ಕೂಗುತ್ತಿದ್ದ. ಅವನು ಕರೆದುಕೊಂಡು ಹೋದವರಲ್ಲಿ ಒಬ್ಬರೂ ಯಾವತ್ತೂ ಬೆಟ್ಟದಲ್ಲಿ ಹಿಂದೆ ಉಳಿದುಹೋಗಲಿಲ್ಲ.

ಒಂದು ಬೇಸಿಗೆಯಲ್ಲಿ ಎದ್ದ ದೊಡ್ಡ ಕಾಡ್ಗಿಚ್ಚು ನಮ್ಮ ಹಳೆಯ ಮರದ ಸಭಾಭವನವನ್ನು ನುಂಗಿ, ಹಳ್ಳದ ದಡದಲ್ಲಿ ನಿಂತಿತು. ಮಾರನೆಯ ಬೆಳಿಗ್ಗೆ ಕೆಂಡ ಆರಿಸಲು ಹೋದೆವು. ಕೆಲಸ ಮುಗಿದು ಎಲ್ಲರೂ ಟ್ಯಾಂಕರ್ ಹತ್ತಿದರೂ ಪುಟಾಣಿ ಮಾತ್ರ ದೂರದಲ್ಲಿ ಪೈಪು ಸುತ್ತುತ್ತಿದ್ದ. ರಾಕೆಟ್ ಅವನ ಪೂರ್ತಿ ಹೆಸರು ಕೂಗಿದ. ಪುಟಾಣಿಗೆ ಆ ಹೆಸರೆಂದರೆ ಆಗದು, ಅದಕ್ಕೇ ಬೇಕೆಂದೇ ಕಿವುಡನಾದ. ರಾಕೆಟ್ ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಕೂಗಿದ. ಒಳಗೊಳಗೇ ಸುಟ್ಟಿದ್ದ ನೀಲಗಿರಿ ಮರದ ಕೊಂಬೆಯೊಂದು ಮುರಿದು ಅವನ ಮೇಲೆ ಬಿತ್ತು. ನಾವು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡುವ ದಿನ ಪಾದ್ರಿಗಳು "ನಮ್ಮ ಸೋದರ ಕ್ಲಾರೆನ್ಸ್" ಎಂದಾಗ ಪುಟಾಣಿ ನನ್ನ ಕಿವಿಯಲ್ಲಿ "ಬೇರೆ ಯಾರದೋ ಸಾವಿಗೆ ಬಂದ್ವಾ?" ಎಂದು ಪಿಸುಗುಟ್ಟಿದ. ಆಮೇಲೆ ಚಹಾದ ಹೊತ್ತಿಗೆ ಬಿಯರ್ ಹಿಡಿದು ಗೋಡೆಗೆ ಒರಗಿ, ಇಡೀ ಕೋಣೆಗೆ ಕೇಳುವ ಹಾಗೆ ಅಂದುಬಿಟ್ಟ: "ಒಂದೇ ಒಂದು ದಿನ ಹೆಸರಿಗೆ ತಕ್ಕ ಹಾಗೆ ಇದ್ದಿದ್ರೆ ಬದುಕಿರ್ತಿದ್ದ ನನ್ಮಗ."

ಅಳುತ್ತಲೇ ಹೇಳಿದ ಮಾತು ಅದು. ಆದರೆ ಪಕ್ಕದಲ್ಲಿದ್ದ ಇಬ್ಬರು ನಕ್ಕರು, ಮೊಯ್ರಾಳಿಗೆ ಮಾತೂ ನಗುವೂ ಕೇಳಿದವು, ಅಳು ಕಾಣಲಿಲ್ಲ. ಕಪ್ಪು ಕೆಳಗಿಟ್ಟು ಎದ್ದು ಹೋದಳು. ಅಂದಿನಿಂದ ಬೇಕರಿಗೂ ಬರಲಿಲ್ಲ. ರೊಟ್ಟಿಗೆ ಪಕ್ಕದ ಊರಿಗೆ ಹೋಗುತ್ತಿದ್ದಳು. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ಹೊಸ ಸಭಾಭವನದ ಗೋಡೆ ಏಳುತ್ತಿದ್ದಾಗ ಊರಿನವರೆಲ್ಲ ಸಭೆ ಸೇರಿ, ಇದಕ್ಕೆ ರಾಕೆಟ್ ಭವನ ಅಂತಲೇ ಹೆಸರಿಡಬೇಕು ಎಂದೆವು. ಮನೆಯವರ ಒಪ್ಪಿಗೆ ಬೇಕು ಎಂದರು ಕೌನ್ಸಿಲ್‌ನವರು. ಹಿಂದಿನ ಸಾಲಿನಿಂದ ಮೊಯ್ರಾ ಎದ್ದು ನಿಂತಳು.

"ನನ್ನ ಗಂಡ ನಿಮ್ಮ ತಮಾಷೆ ಸಾಮಾನಲ್ಲ. ಬದುಕಿದ್ದಾಗ ಆಡ್ಕೊಂಡಿದ್ದು ಸಾಕು, ಸತ್ತ ಮೇಲೆ ಗೋಡೆ ಮೇಲೂ ಆಡ್ಕೋತೀರಾ? ಆ ಹೆಸರು ಅಲ್ಲಿ ಬಂದ ದಿನ ನಾನು ಮನೆ ಮಾರಿ ತಂಗಿ ಹತ್ರ ಹೋಗ್ತೀನಿ."

"ಮೊಯ್ರಾ, ಪ್ರೀತಿಯಿಂದ ಕಣಮ್ಮ..." ಎಂದ ಪುಟಾಣಿ.

"ನಿನ್ನ ಪ್ರೀತಿ ಗೊತ್ತಪ್ಪ, ಕೇಳಿಸ್ಕೊಂಡಿದೀನಿ."

ಪುಟಾಣಿ ಕುಳಿತುಬಿಟ್ಟ. ರಾಕೆಟ್ ಹೋದ, ಇನ್ನು ಮೊಯ್ರಾಳನ್ನೂ ಕಳೆದುಕೊಂಡರೆ ಈ ಊರಿನಲ್ಲಿ ಏನು ಉಳಿಯಿತು? ನಾವು ಬಾಯಿ ಹೊಲಿದುಕೊಂಡೆವು, ನಾನೂ ಸೇರಿ. ನಮ್ಮೂರಲ್ಲಿ ಅದು ಸಣ್ಣ ಸುದ್ದಿಯಲ್ಲ.

ಶರತ್ಕಾಲ ಬಂತು. ಒಂದು ಬೆಳಿಗ್ಗೆ ಪೋಸ್ಟಾಫೀಸಿನ ಕಿಟಕಿಯಲ್ಲಿ ಕೌನ್ಸಿಲ್‌ನ ಚೀಟಿ ಕಂಡಿತು: "ಶನಿವಾರ ಸಿ. ಎ. ಮಲ್ವಿಹಿಲ್ ಸಭಾಭವನದ ಉದ್ಘಾಟನೆ. ಮನೆಗೊಂದು ತಿಂಡಿ ತನ್ನಿ."

ಮಲ್ವಿಹಿಲ್‌ಗಳು ನಮ್ಮ ಕಡೆ ಕಲ್ಲು ಬೀಸಿದರೆ ಒಬ್ಬರಿಗೆ ತಗಲುವಷ್ಟಿದ್ದಾರೆ. ಆದರೆ ಅಷ್ಟು ಗತ್ತಿನಲ್ಲಿ ಇನಿಷಿಯಲ್ ಹಾಕಿಸಿಕೊಳ್ಳುತ್ತಿದ್ದವನು ಒಬ್ಬನೇ, ಗುಡ್ಡದ ಮೇಲಿನ ಬಂಗಲೆಯ ಕತ್‌ಬರ್ಟ್. ಬರಗಾಲದಲ್ಲಿ ಹಳ್ಳದ ಗೇಟಿಗೆ ಬೀಗ ಜಡಿದು ಊರಿನ ಕುರಿಗಳನ್ನು ಬಾಯಾರಿಸಿದವನು, ಹಾಸಿಗೆಯಲ್ಲೇ ಸುಖವಾಗಿ ಸತ್ತವನು.

ಪುಟಾಣಿ ನೇರ ಬೇಕರಿಗೆ ನುಗ್ಗಿದ. "ಆ ಕಂಜೂಸ್ ಮುದುಕನ ಹೆಸರು! ನೀರಿಗೆ ಬೀಗ ಹಾಕ್ದೋನ್ ಹೆಸರು, ಬೆಂಕೀಲಿ ಸತ್ತೋನ್ ಜಾಗದಲ್ಲಿ! ಮೌನಿ, ನಾವು ಸುಮ್ನಿರೋದಾ?"

"ಸುಮ್ನಿರೋದಕ್ಕೆ ನನಗೆಲ್ಲಿ ಬರುತ್ತೆ? ಮನೇಲಿ ಹಳೇ ಬೆಡ್‌ಶೀಟ್ ಇದೆ, ಬಣ್ಣ ತಗೊಂಬಾ" ಎಂದೆ.

ಮೊಯ್ರಾಳನ್ನು ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅವಳ ಬಾಗಿಲು ತಟ್ಟುವ ಧೈರ್ಯ ಯಾರಿಗಿತ್ತು?

ಶನಿವಾರ ಮಧ್ಯಾಹ್ನ ಇಡೀ ಊರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಳಕ್ಕೆ ಹೊರಟಿತು. ಕೈಯಲ್ಲಿ ತಿಂಡಿಯ ತಟ್ಟೆಗಳೂ ಇದ್ದವು. ಜಗಳ ಜಗಳವೇ, ಬರಿಗೈಯಲ್ಲಿ ಹೋಗಲಾದೀತೇ? ಹಾಲು ಕರೆಯುವ ಕೆಲಸವನ್ನು ಹಾಗೇ ಬಿಟ್ಟು ಬಂದವರಿದ್ದರು. ಹುಡುಗರಾಗಿದ್ದಾಗ ರಾಕೆಟ್‌ನ ಬಸ್ಸಿನಲ್ಲಿ ಹೋಗುತ್ತಿದ್ದವರು ಈಗ ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಬಂದಿದ್ದರು. ಪುಟಾಣಿಯೂ ನಾನೂ ಬೆಡ್‌ಶೀಟನ್ನು ಎರಡು ಕಡೆ ಹಿಡಿದು ಮುಂದೆ ನಡೆದೆವು. ಅದರ ಮೇಲೆ ಕೆಂಪು ಬಣ್ಣದಲ್ಲಿ ಎರಡು ಸಾಲು, "ಮಲ್ವಿಹಿಲ್ ಬೇಡ, ರಾಕೆಟ್ ಬೇಕು!"

ಹೊಸ ಭವನದ ಬಾಗಿಲಲ್ಲಿ ಕೌನ್ಸಿಲ್‌ನ ಹೆಣ್ಣುಮಗಳು ಕತ್ತರಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ನೀಲಿ ಕೋಟಿನ ಮೊಯ್ರಾ. ತಲೆಯ ಮೇಲೆ ಹೆಸರಿನ ಫಲಕಕ್ಕೆ ಬಟ್ಟೆ ಮುಚ್ಚಿತ್ತು. ಮೊಯ್ರಾ ನಮ್ಮ ಬೆಡ್‌ಶೀಟನ್ನು ಓದಿದಳು. ಮತ್ತೊಮ್ಮೆ ಓದಿದಳು.

"ಏನಿದು?"

"ನೀನು ಬೈದ್ರೂ ಪರವಾಗಿಲ್ಲ ಮೊಯ್ರಾ" ಎಂದ ಪುಟಾಣಿ. "ರಾಕೆಟ್ ಹೆಸರು ಬೇಡ ಅಂದೆ, ಸರಿ, ಒಪ್ಕೊಂಡ್ವಿ. ಆದ್ರೆ ಆ ಮಲ್ವಿಹಿಲ್ ಹೆಸರು ಹಾಕೋದಾದ್ರೆ ಈ ಬಾಗಿಲು ನಾನು ದಾಟಲ್ಲ. ಆ ಮಲ್ವಿಹಿಲ್ ಈ ಊರಿಗೆ ಏನ್ ಮಾಡಿದಾನೆ ಹೇಳು!"

"ಯಾವ ಮಲ್ವಿಹಿಲ್?"

"ಇನ್ಯಾವನು? ಸಿ. ಎ. ಮಲ್ವಿಹಿಲ್, ಕತ್‌ಬರ್ಟ್!"

ಮೊಯ್ರಾ ದಾರ ಎಳೆದಳು. ಬಟ್ಟೆ ಜಾರಿತು. ಫಲಕದ ಮೇಲೆ "ಕ್ಲಾರೆನ್ಸ್ ಅಲೋಶಿಯಸ್ ಮಲ್ವಿಹಿಲ್ ಸಭಾಭವನ" ಎಂದಿತ್ತು. ಕೆಳಗೆ ಸಣ್ಣದಾಗಿ ಟ್ಯಾಂಕರ್‌ನ ಚಿತ್ರ.

"ನನ್ನ ಗಂಡ ಕಣೋ" ಎಂದಳು. "ಅವನಿಗೂ ಒಂದು ಹೆಸರಿತ್ತು."

ರಾಕೆಟ್ಟೂ ಒಬ್ಬ ಮಲ್ವಿಹಿಲ್ ಎಂಬುದನ್ನು ಇಡೀ ಊರೇ ಮರೆತಿತ್ತು. ಪುಟಾಣಿಯ ಕೈಯಿಂದ ಬೆಡ್‌ಶೀಟಿನ ತುದಿ ಜಾರಿ ನನ್ನ ಇನ್ನೊಂದು ಕೈಯಲ್ಲಿದ್ದ ಕ್ರೀಮ್ ಕೇಕಿನ ಮೇಲೆ ಬಿತ್ತು. ಮೊದಲು ನಕ್ಕವಳು ಮೊಯ್ರಾ. ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು, ನನ್ನ ಭುಜ ಹಿಡಿದು ನಿಂತಳು. ಅವಳ ಕೈ ನನ್ನ ಮೈಮೇಲೆ ಬಿದ್ದು ಎಷ್ಟು ಕಾಲವಾಗಿತ್ತೋ, ನನಗೂ ಅಳು ಬಂತು.

"ಅವನನ್ನ ನೋಡಿ ನಗೋರು ಅಂದ್ಕೊಂಡಿದ್ದೆ ನಿಮ್ಮನ್ನ" ಎಂದಳು. "ಅವನಿಗೋಸ್ಕರ ಜಗಳಕ್ಕೆ ಬರ್ತೀರ ಅಂತ ನನಗೆ ಗೊತ್ತಿರ್ಲಿಲ್ಲ. ಅದೂ ಅವನ ಮೇಲೇ ಜಗಳಕ್ಕೆ! ಹಿಡ್ಕೊಳ್ರೋ ಆ ಬೆಡ್‌ಶೀಟ್. ಮೇಲಿನ ಸಾಲು ಮಡಚಿ ಫಲಕದ ಕೆಳಗೆ ಕಟ್ಟಿ. ಇವತ್ತು ರಾಕೆಟ್ಟೂ ಇರ್ಲಿ."

ಅವಳ ಬಾಯಲ್ಲಿ ಆ ಹೆಸರು! ಜನ ಹೋ ಎಂದು ಒಳಗೆ ನುಗ್ಗಲು ಹೊರಟರು. ಮೊಯ್ರಾ ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ನಿಲ್ಲಿ. ಒಬ್ಬೊಬ್ರೇ."

ಒಬ್ಬೊಬ್ಬರ ಹೆಸರು ಕೂಗತೊಡಗಿದಳು. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿದ್ದು, ಮಿಕ್ಕವರ ಹೆಸರು ಗಂಡನ ಬಾಯಿಂದ ಊಟದ ಮೇಜಿನಲ್ಲಿ ಕೇಳಿದ್ದು. "ವಿನಿಫ್ರೆಡ್ ಟ್ರೆಲೋರ್" ಎಂದಾಗ ಅದು ನಾನೇ ಎಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು. "ಇದ್ದೀನಿ" ಎಂದು ಒಳಗೆ ಹೋದೆ. "ಬೇಗ ಮಾಡಮ್ಮ, ಚಹಾ ಆರಿಹೋಗ್ತಿದೆ" ಎಂದು ಯಾರೋ ಹಿಂದಿನಿಂದ ಕೂಗಿದರು. "ಚಹಾ ಎಲ್ಲಿಗೂ ಓಡಿಹೋಗಲ್ಲ" ಎಂದಳು ಮೊಯ್ರಾ.

ಹೊರಗೆ ಕೊನೆಗೆ ಉಳಿದವನು ಪುಟಾಣಿ. ಅಂಗಳದ ನಡುವೆ ಟೋಪಿ ಹಿಸುಕುತ್ತ ನಿಂತಿದ್ದ. ಒಳಗಿದ್ದ ನಾವೆಲ್ಲ ಬಾಗಿಲ ಕಡೆ ತಿರುಗಿದೆವು. ರಾಕೆಟ್‌ನ ಬಾಯಿಂದ ಬಂದ ಕೊನೆಯ ಮಾತು ಯಾವುದೆಂದು ಎಲ್ಲರಿಗೂ ಗೊತ್ತಿತ್ತು, ಮೊಯ್ರಾಳಿಗೂ.

"ಎಗ್‌ಬರ್ಟ್ ಗೀಚ್" ಎಂದು ಅವಳು ಕೂಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಪುಟಾಣಿಯ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಮೊಯ್ರಾ ಅವಸರ ಮಾಡಲಿಲ್ಲ, ಹಾಗೇ ಕಾದಳು. ಮತ್ತೊಮ್ಮೆ ಕೂಗಿದಳು.

"ಇದ್ದೀನಿ" ಎಂದ ಅವನು, ಬಸ್ಸಿನ ಹುಡುಗರ ಹಾಗೆ ಜೋರಾಗಿ. "ಇದ್ದೀನಿ, ಇದ್ದೀನಿ."

ಬಾಗಿಲಲ್ಲಿ ಅಭ್ಯಾಸಬಲದಿಂದ ತಲೆ ಬಗ್ಗಿಸಿದ. ಹೊಸ ಬಾಗಿಲು ಎತ್ತರವಾಗಿತ್ತು, ಬಗ್ಗಬೇಕಾಗಿರಲಿಲ್ಲ. ಮೊಯ್ರಾ ಅವನ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆತಂದಳು.

"ಎಲ್ರೂ ಬಂದ್ರು" ಎಂದಳು. "ಹೊರಡೋಣ."