ಇಸವಿಗೆ ಎತ್ತಿದ ಬೆರಳು

ಓದುತ್ತ ಓದುತ್ತ ಇಸವಿ ಬಂದಲ್ಲೆಲ್ಲ ಮಾಸ್ತರರ ಶಾಯಿ ಹತ್ತಿದ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು. ‘ಇದನ್ನು ತಾಳೆ ನೋಡಿದ್ದೇನೆ’ ಎಂಬುದು ಅದರ ಅರ್ಥ. ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ ಹೊಸತು. ಆಗಷ್ಟೇ ನೌಕರಿಗೆ ಸೇರಿದ್ದ ನಾನೂ ಅವರೂ ಒಂದೇ ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದೆವು. ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಅವರು, ಆ ವಾಡೆಯನ್ನೂ ಮಹಾಯುದ್ಧದ ವರ್ಷಗಳಲ್ಲಿ ಅಲ್ಲಿ ಬಾಳಿದವರನ್ನೂ ಕುರಿತು ಕಾದಂಬರಿ ಬರೆಯುತ್ತಿದ್ದರು. ಅಧ್ಯಾಯ ಮುಗಿದೊಡನೆ ಪಡಸಾಲೆಯಲ್ಲಿ ಮನೆಯವರಿಗೇ ಓದಿ, ತಪ್ಪಿದ್ದರೆ ತಿದ್ದಿಸಿಕೊಳ್ಳುವುದು ಅವರ ಪದ್ಧತಿ.

“ಮಾಸ್ತರ, ನಮ್ಮ ಎಮ್ಮಿ ಈದಿದ್ದು ರಂಗೂನ್ ಬೀಳೂಕಿಂತ ಮೊದಲರೀ. ಗಿಣ್ಣ ತಿಂದಾವ್ರು ನಾವು, ನಮಗ ಗೊತ್ತಿಲ್ಲೇನ?” ಎಂದು ಮನೆಯೊಡತಿ ಮುದುಕಿ ಛೇಡಿಸಿದರೆ, ನಗದೆ ಅಲ್ಲೇ ತಿದ್ದುತ್ತಿದ್ದರು.

ಯುದ್ಧಕ್ಕೆಂದು ಬರ್ಮಾ ಗಡಿಗೆ ಹೋದ ಮುದುಕಿಯ ಮಗ ತಿರುಗಿ ಬಂದಿರಲಿಲ್ಲ. ಸತ್ತ ಸುದ್ದಿಯೂ ಬಂದಿರಲಿಲ್ಲ. ಸೊಸೆ ಕೈತುಂಬ ಹಸಿರು ಬಳೆ ತೊಟ್ಟು ಕಾಯುತ್ತಿದ್ದಳು.

ಒಂದು ಸಂಜೆ ಓದಿದ ಅಧ್ಯಾಯದಲ್ಲಿ ಆ ಮಗ ನದಿ ದಾಟುವಾಗ ಗುಂಡು ತಗುಲಿ ಸತ್ತ. ಕಲ್ಪಿಸಿದ ಸಾವು, ಕಲ್ಪಿಸಿದ ತಾರೀಖು. ಆದರೆ ತಾರೀಖು ಬರುತ್ತಲೇ, ಅಭ್ಯಾಸಬಲದಿಂದ, ಬೆರಳು ಮೇಲೆದ್ದಿತು.

ಸೊಸೆ ಎದ್ದು ನಿಂತಳು. ಮರುಗಳಿಗೆ ಎರಡೂ ಕೈಗಳನ್ನು ಕಂಬಕ್ಕೆ ಬಡಿದಳು. ಬಳೆಚೂರುಗಳು ಹಾಳೆಗಳ ಮೇಲೆ ಸಿಡಿದವು.

“ತಂಗೆವ್ವ, ಇದು ಕಥಿ ಐತಿ! ನಾ ಕಟ್ಟಿ ಬರದದ್ದು!” ಎಂದು ಮಾಸ್ತರರು ಕೂಗಿದರು.

“ಬೆರಳ ಎತ್ತಿದ್ರಲ್ಲ? ಖರೆ ಇಲ್ಲದ್ದಕ್ಕ ನೀವು ಎಂದಾದ್ರೂ ಬೆರಳ ಎತ್ತೀರೇನ್ರಿ?”

ಮಾಸ್ತರರು ಬೆರಳನ್ನು ಮಡಚಿಕೊಂಡರು. “ನನಗ ಗೊತ್ತಿಲ್ಲವ್ವ. ಯಾರಿಗೂ ಗೊತ್ತಿಲ್ಲ.”

“ಹಂಗಾರ ಗೊತ್ತಿಲ್ಲಂತ ಬರೀರಿ. ಈಗ, ನನ್ನ ಮುಂದ. ಬರದ್ರ ಕೈಗೆ ಮತ್ತ ಬಳಿ ಇಟ್ಕೊತೀನಿ.”

ಚೂರು ಸರಿಸಿ, ಸಾವಿನ ಸಾಲುಗಳನ್ನು ಹೊಡೆದುಹಾಕಿ, ಮಾಸ್ತರರು ಬರೆದರು: ‘ಮುಂದೇನಾಯಿತೋ ಗೊತ್ತಿಲ್ಲ.’ ಮರುದಿನವೇ ಮುದುಕಿ ಬಳೆಗಾರನನ್ನು ಕರೆಸಿದಳು.

ಧಾರವಾಡದ ಪ್ರಕಾಶಕರೊಬ್ಬರು ಕಾದಂಬರಿಯನ್ನು ಮೆಚ್ಚಿದರು. ಮಗ ಸಾಯಲಿ, ಇಲ್ಲವೇ ಮರಳಲಿ, ಕೊನೆಯೊಂದು ಬೇಕೆಂದರು. “ಅದನ್ನ ಮಾತ್ರ ಕೇಳಬ್ಯಾಡ್ರಿ” ಎಂದು ಮಾಸ್ತರರು ಹಾಳೆಗಳ ಕಟ್ಟನ್ನು ಎತ್ತಿಕೊಂಡು ಬಂದರು. ಪುಸ್ತಕ ಅಚ್ಚಾಗಲೇ ಇಲ್ಲ.

ಅವರು ತೀರಿಕೊಂಡ ವರ್ಷವನ್ನು ನಾನಿಲ್ಲಿ ಬರೆಯುತ್ತಿಲ್ಲ. ನನ್ನ ನೆನಪು ಗಟ್ಟಿಯಿಲ್ಲ, ಎರಡು ದಾಖಲೆಗಳು ಎರಡು ಬಗೆ ಹೇಳುತ್ತವೆ, ಇನ್ನೂ ತಾಳೆಯಾಗಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬಿಡುವ ಈ ರೂಢಿ ಅವರ ಋಣ. ಆದರೆ ಅವರು ತೀರಿಕೊಂಡ ದಿನ ಕಂಡದ್ದಕ್ಕೆ ದಾಖಲೆ ಬೇಕಿಲ್ಲ. ತಲೆ ನರೆತಿದ್ದ ಸೊಸೆ ಬಾಗಿ, ಶವದ ಬಲಗೈ ಮೇಲೆ ಹೂವಿಟ್ಟಳು. ಇನ್ನೂ ಕೈತುಂಬ ತೊಟ್ಟಿದ್ದ ಹಸಿರು ಬಳೆಗಳು ಸದ್ದು ಮಾಡಿದವು. ಮತ್ತೆ ಒಡೆದವೇನೋ ಎಂದು ನಾನು ಬೆಚ್ಚಿಬಿದ್ದೆ.